ಒಂದೇ ಸಲ ಕೇಳಿದವರು

ನೂರ್‌ಡಾಲ್, ಮಿನ್ನೆಸೋಟ
ಮಾರ್ಚ್ 12, 2017, ಭಾನುವಾರ

ತಮ್ಮ ಲೋವೆಲ್‌ಗೆ ಅಕ್ಕ ಮಾರ್ಗಿಟ್ ಬರೆಯುತ್ತಿರುವ ಕಾಗದ.

ಇಲ್ಲಿ ಅಪ್ಪನೂ ನಾನೂ ಇದ್ದೇವೆ. ನೀನು ಹೇಗಿದ್ದೀಯ ಅಂತ ಕೇಳುವುದಿಲ್ಲ. ಸೇಂಟ್ ಕ್ಲೌಡ್‌ಗೆ ಹೋಗುವ ಹೆದ್ದಾರಿಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಫಲಕ ಹಾಕಿದ್ದಾರೆ. ಅದರಲ್ಲಿ ನೀನು ದನದ ಕೊಟ್ಟಿಗೆಯಷ್ಟು ಎತ್ತರಕ್ಕೆ ಹಲ್ಲು ಕಿರಿದುಕೊಂಡು ನಿಂತಿದ್ದೀಯ. ‘ಕಾಪರ್ ಮೆಸಾ ವಿಶ್ವವಿದ್ಯಾಲಯ, ಸ್ಥಾಪನೆ 1889’ ಅಂತ ಕೆಳಗೆ ಬರೆದಿದೆ. ಚೆನ್ನಾಗಿಯೇ ಇದ್ದೀಯ.

ಮೊದಲು ಫೋನ್ ಮಾಡಿದೆ ಕಣೋ. ಕುಲಪತಿಗಳ ಕಚೇರಿ ಅಂತ ನೀವು ಕೊಟ್ಟಿರುವ ನಂಬರು ಹೋಗುವುದು ಫೀನಿಕ್ಸ್‌ನಲ್ಲಿ ಹೊಸ ವಿದ್ಯಾರ್ಥಿಗಳನ್ನು ಬಲೆಗೆ ಹಾಕುವ ಹಾಲ್‌ಗೆ. ಬ್ರೈಸ್ ಅನ್ನುವವನೊಬ್ಬ ಎತ್ತಿದ. ಕುಲಪತಿಯ ಅಕ್ಕ ನಾನು, ಅವನ ಹತ್ತಿರ ಮಾತಾಡಬೇಕು ಅಂದೆ. ಅವನು ಎದುರಿಗಿದ್ದ ಪಾಠ ಒಪ್ಪಿಸಿದ: “ಮೇಡಂ, ನಿಮ್ಮ ಜೀವನದಲ್ಲಿ ಏನು ಕೊರತೆ ಇದೆ ಅನ್ಸುತ್ತೆ ನಿಮಗೆ?” ತಮ್ಮ ಅಂದೆ. “ಆ ತಮ್ಮನಿಗೆ ಹೆಮ್ಮೆ ಆಗೋ ಹಾಗೆ ಏನಾದ್ರೂ ಸಾಧಿಸ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?” ಅಂದ. ಅಂದಿನಿಂದ ದಿನ ಬೆಳಗಾದರೆ ಅಲ್ಲಿಂದ ನನಗೆ ಫೋನು. ಜೀವಮಾನವೆಲ್ಲ ನರ್ಸಿಂಗ್ ಕಲಿಸಿದವಳನ್ನು ನರ್ಸಿಂಗ್ ಸಹಾಯಕಿಯ ಕೋರ್ಸಿಗೆ ಸೇರಿಕೊಳ್ಳಿ ಅನ್ನುತ್ತಾರೆ. ನಿನ್ನನ್ನು ಮುಟ್ಟುವ ದಾರಿ ಬೇರೆ ಇಲ್ಲದ್ದಕ್ಕೆ ಈ ಕಾಗದವನ್ನು ನಿನ್ನ ಮನೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ವಕೀಲರ ಕೈಗೆ ಕೊಡುವ ಮೊದಲು ಒಮ್ಮೆ ಪೂರ್ತಿ ಓದು.

ಹೋದ ಸೋಮವಾರ ಇಲ್ಲಿನ ನರ್ಸಿಂಗ್ ವಿದ್ಯಾರ್ಥಿನಿಯರ ಫೋನಿಗೆ ಒಂದು ಸಂದೇಶ ಬಂತು. ನೂರ್‌ಡಾಲ್‌ನ ನರ್ಸಿಂಗ್ ವಿಭಾಗವನ್ನು ಈ ತಿಂಗಳ ಕೊನೆಗೆ ಮುಚ್ಚುತ್ತಾರಂತೆ. ಬೇಕಾದವರು ಮನೆಯಲ್ಲೇ ಕೂತು ಕಂಪ್ಯೂಟರ್‌ನಲ್ಲಿ ‘ಆರೋಗ್ಯ ಆಡಳಿತ’ ಓದಬಹುದಂತೆ. ಕೊನೆಯ ವರ್ಷದಲ್ಲಿದ್ದವರಿಗೂ ಅದೇ ಮಾತು. ನಿಮ್ಮ ಕಾಲೇಜಿನ ಅಂಕಗಳನ್ನು ಬೇರೆ ಯಾವ ಕಾಲೇಜೂ ಒಪ್ಪುವುದಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಓದು ಮುಗಿಸದೆ ಅವರನ್ನು ಲೈಸೆನ್ಸ್ ಪರೀಕ್ಷೆಗೆ ಕೂರಿಸುವುದಿಲ್ಲ. ಇಷ್ಟು ವರ್ಷ ಓದಿದ್ದು ನೀರಿಗೆ ಹೋಯಿತು ಅಂತಲೇ ಅರ್ಥ.

ಅವರಲ್ಲಿ ಹೋದನ್ ಅನ್ನುವವಳು ಅದೇ ಸಂಜೆ ನಮ್ಮ ಮನೆ ಬಾಗಿಲಿಗೆ ಬಂದಳು. ಸೊಮಾಲಿಯಾದವಳು. ಟರ್ಕಿ ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಒಂದು ಪಾಳಿ ದುಡಿದು, ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಕ್ಲಾಸಿಗೆ ಬರುತ್ತಿದ್ದವಳು. ಅವಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಳಗೆ ಬಾಮ್ಮ ಅಂದರೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ನನ್ನ ಮುಖಕ್ಕೆ ನೇರ ಕೇಳಿದಳು: “ನೀವಿದ್ದೀರಿ ಅಂತ ನಾನು ಸೇರಿದ್ದು. ವೆಬ್‌ಸೈಟಲ್ಲಿ ನಿಮ್ಮ ಫೋಟೋ ಇದೆ, ಶಿಕ್ಷಣ ಪರಿಷತ್ತಿನ ಅಧ್ಯಕ್ಷೆ ಅಂತ ಇದೆ. ಅಧ್ಯಕ್ಷೆ ಆಗಿದ್ಕೊಂಡು ಹೀಗೆ ಮಾಡೋಕೆ ಬಿಟ್ರಾ?”

ನೀನು ನನ್ನನ್ನು ಕೆಲಸದಿಂದ ತೆಗೆದದ್ದು ಯಾವಾಗ, ಆ ಫೋಟೋ ಇನ್ನೂ ಅಲ್ಲಿ ಇರುವುದು ಯಾಕೆ? ಆ ಪರಿಷತ್ತು ಎಲ್ಲಿದೆ? ಅದು ಯಾವತ್ತು ಸೇರಿತ್ತು? ನನ್ನ ಮುಖ ತೋರಿಸಿ ನೀನು ಆ ಹುಡುಗಿಯನ್ನು ಒಳಗೆ ಕರೆದೆ. ಈಗ ಅವಳು ಬಂದು ಉಗಿದದ್ದು ನನ್ನ ಮುಖಕ್ಕೆ. ಅವಳನ್ನು ಬಲವಂತ ಮಾಡಿ ಒಳಗೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿ, ಅವಳೂ ಅವಳ ಜೊತೆಯವರೂ ರಾಜ್ಯದ ಉನ್ನತ ಶಿಕ್ಷಣ ಕಚೇರಿಗೆ ದೂರು ಕೊಡುವುದಕ್ಕೆ ನಾನೇ ಜೊತೆ ಹೋದೆ. ಈ ಶುಕ್ರವಾರ ಸೇಂಟ್ ಪಾಲ್‌ನಲ್ಲಿ ವಿಚಾರಣೆ ಇದೆ. ಹುಡುಗಿಯರು ಕೇಳುತ್ತಿರುವುದು ಇಷ್ಟೇ. ಹೊಸಬರನ್ನು ಸೇರಿಸಿಕೊಳ್ಳಬೇಡಿ, ಬೀಗ ಹಾಕಿಕೊಳ್ಳಿ, ಏನಾದರೂ ಮಾಡಿಕೊಳ್ಳಿ, ಆದರೆ ಈಗಾಗಲೇ ಇರುವವರು ಮುಗಿಸುವ ತನಕ ಪಾಠ ಮಾಡಿ.

ಅದಕ್ಕೆ ನಿಮ್ಮ ಉತ್ತರವನ್ನು ಗುರುವಾರದ ಪತ್ರಿಕೆಯಲ್ಲಿ ಓದಿದೆ, ನಿನ್ನ ಹೆಸರಿನಲ್ಲಿ. “ನೂರ್‌ಡಾಲ್ ಕಾಲೇಜನ್ನು ಕೊಂಡಾಗ, ಯಾವುದೇ ವಿಭಾಗವನ್ನು ಮುಚ್ಚುವಾಗ ಒಪ್ಪಿಗೆ ಕೊಡುವ ಹಕ್ಕನ್ನು ಹಳೆಯ ಆಡಳಿತ ಮಂಡಳಿಗೆ ನೀಡಲು ನಾವು ಮುಂದಾಗಿದ್ದೆವು. ಮಂಡಳಿಯ ಅಧ್ಯಕ್ಷರಾಗಿದ್ದ ಪಾದ್ರಿ ಓರ್ವಿಲ್ ಹಾಗ್ಲಂಡ್ ಅವರು ಸ್ವಇಚ್ಛೆಯಿಂದ ಅದನ್ನು ನಿರಾಕರಿಸಿದರು.”

ಓರ್ವಿಲ್ ಹಾಗ್ಲಂಡ್ ಅವರು. ಅಪ್ಪನಿಗೆ ಬಹುವಚನ ಹಾಕಿ ಮರ್ಯಾದೆ ಮಾಡಿದ್ದೀಯ, ಸಂತೋಷ.

ಚರ್ಚಿನಲ್ಲಿ ಎಲ್ಲರೂ ಅದನ್ನು ಓದಿದ್ದಾರೆ. ಈ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಕಾಫಿಗೆ ಕೂತಾಗ ಎಲ್ಲರೂ ಅಪ್ಪನ ಹತ್ತಿರ ಬಂದು ಹಿಮದ ಬಗ್ಗೆ ಮಾತಾಡಿದರು. ಅಷ್ಟೊಂದು ಹಿಮದ ಮಾತು ಅಪ್ಪ ಜನ್ಮದಲ್ಲಿ ಕೇಳಿಲ್ಲ. ನಮ್ಮೂರಿನವರ ಕನಿಕರ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಅಪ್ಪ ಎಲ್ಲರಿಗೂ ಹೌದು ಹೌದು ಅಂದು, ಮನೆಗೆ ಬಂದು ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತರು.

ಸಿಟ್ಟಿನಲ್ಲಿ ಹಿಂದು ಮುಂದಾಗಿ ಬರೆಯುತ್ತಿದ್ದೇನೆ. ನಿಮ್ಮ ವೆಬ್‌ಸೈಟಿನಲ್ಲಿ ‘ನಮ್ಮ ಇತಿಹಾಸ’ ಅಂತ ಒಂದು ಪುಟ ಇದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಹಾಗಾಗಿ ನಿಜವಾದ ಇತಿಹಾಸವನ್ನು ನಾನೇ ಬರೆಯುತ್ತೇನೆ. ನಾಳೆ ಯಾರಾದರೂ ಕೇಳಿದರೆ ಗೊತ್ತಿರಲಿಲ್ಲ ಅನ್ನುವುದಕ್ಕೆ ನಿನಗೆ ದಾರಿ ಇರಬಾರದು.

1889ರಲ್ಲಿ ಕಾಲೇಜು ಕಟ್ಟಿದ್ದು ನಾರ್ವೆಯಿಂದ ಬಂದ ರೈತರು. ಗೋಧಿ ಮಾರಿ ಬರುವಾಗ ಖಾಲಿ ಗಾಡಿಗಳಲ್ಲಿ ಇಟ್ಟಿಗೆ ಹೇರಿಕೊಂಡು ಬಂದು ಕಟ್ಟಿದರು. ಇನ್‌ಫ್ಲುಯೆಂಜಾ ಬಂದ ವರ್ಷ ಕ್ಲಾಸುಗಳಲ್ಲೇ ಮಂಚ ಹಾಕಿ ರೋಗಿಗಳನ್ನು ಮಲಗಿಸಿದರು. ಚರ್ಚಿನ ಹೆಂಗಸರು ನೋಡಿ ನೋಡಿ ಶುಶ್ರೂಷೆ ಕಲಿತರು, ನರ್ಸಿಂಗ್ ವಿಭಾಗ ಹುಟ್ಟಿದ್ದು ಹಾಗೆ. ಅದು ಯಾರಿಗೂ ಲಾಭ ಮಾಡಿಕೊಡಲಿಲ್ಲ. ಸುತ್ತಲಿನ ಜಿಲ್ಲೆಗಳಿಗೆಲ್ಲ ನರ್ಸ್‌ಗಳನ್ನು ಕೊಟ್ಟಿತು.

ಇನ್ನು ನಿಮ್ಮ ಕಂಪನಿಯ ಮಾಲೀಕ, ನಿನ್ನ ಟಾಲಿವರ್ ಸಾಹೇಬನ ಇತಿಹಾಸ. ಫೀನಿಕ್ಸ್‌ನಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿ. ಮನೆ ಮಾರಿಸುವ ದಲ್ಲಾಳಿಗಳನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ. ವ್ಯಾಪಾರ ಕುದುರಿದ ಮೇಲೆ ವಿಶ್ವವಿದ್ಯಾಲಯ ಅಂತ ಬೋರ್ಡು ಬರೆಸಿದ. ಬೋರ್ಡು ಇತ್ತು, ಮಾನ್ಯತೆ ಇರಲಿಲ್ಲ. ಮಾನ್ಯತೆ ಇಲ್ಲದಿದ್ದರೆ ವಿದ್ಯಾರ್ಥಿಗಳಿಗೆ ಸರಕಾರದ ಸಾಲ ಹುಟ್ಟುವುದಿಲ್ಲ, ಅವರಿಗೆ ಸಾಲ ಹುಟ್ಟದಿದ್ದರೆ ಇವನಿಗೆ ಶುಲ್ಕ ಬರುವುದಿಲ್ಲ. ಮಾನ್ಯತೆ ಗಳಿಸಬೇಕಾದರೆ ವರ್ಷಗಟ್ಟಲೆ ನೆಟ್ಟಗೆ ಪಾಠ ಮಾಡಿ ತೋರಿಸಬೇಕು. ಕೊಂಡುಕೊಳ್ಳುವುದಾದರೆ ಮಾನ್ಯತೆ ಇರುವ, ಕೊನೆಯುಸಿರು ಎಳೆಯುತ್ತಿರುವ ಒಂದು ಕಾಲೇಜು ಸಾಕು. ನಮ್ಮ ಕಾಲೇಜಿನ ಬಾಯ್ಲರ್ ಒಡೆದಿತ್ತು, ಸೂರು ಸೋರುತ್ತಿತ್ತು, ಸೇರುವವರು ಕಡಿಮೆಯಾಗಿದ್ದರು. ಇದೆಲ್ಲ ಅವನಿಗೆ ಗೊತ್ತಾದದ್ದು ಹೇಗೆ? ಆಗ ನಮ್ಮ ಕಾಲೇಜಿನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ನೀನು. ಅವನನ್ನು ಊರಿಗೆ ಕರೆದುಕೊಂಡು ಬಂದವನೂ ನೀನೇ. ಮುಳುಗುವುದಕ್ಕಿಂತ ಮಾರುವುದು ಮೇಲು ಅಂದೆ, ನಾವು ನಂಬಿದೆವು. ಅದಕ್ಕೆ ನಾನು ನಿನ್ನನ್ನು ಈಗಲೂ ಬಯ್ಯುವುದಿಲ್ಲ. ನಿನಗೂ ಬೇರೆ ದಾರಿ ಕಂಡಿರಲಿಕ್ಕಿಲ್ಲ.

ಬಯ್ಯುವುದು ಆ ಸಭೆಗೆ.

ಚರ್ಚಿನ ನೆಲಮಾಳಿಗೆ. ಏಪ್ರಿಲ್ ತಿಂಗಳು, ಆದರೂ ಎಲ್ಲರೂ ದಪ್ಪ ಕೋಟು ಹಾಕಿಕೊಂಡೇ ಬಂದಿದ್ದರು. ಕಾಲೇಜು ಚರ್ಚಿನದಾದ್ದರಿಂದ, ಮಾರಾಟಕ್ಕೆ ಒಪ್ಪಬೇಕಾದರೆ ಚರ್ಚಿನ ಮೇಲಿನವರು ಒಂದು ಷರತ್ತು ಹಾಕಿದ್ದರು. ಕಂಪನಿಯವರು ಹಳೆಯ ಮಂಡಳಿಯನ್ನು ಮುಖಾಮುಖಿ ಕೇಳಬೇಕು: ವಿಭಾಗ ಮುಚ್ಚುವಾಗ ಒಪ್ಪಿಗೆ ಕೊಡುವ ಹಕ್ಕು ನಿಮಗೆ ಬೇಕೋ ಬೇಡವೋ ಅಂತ. ಬೇಕು ಅಂದರೆ ಕರಾರಿನಲ್ಲಿ ಬರೆಯಬೇಕು. ಕೇಳಬೇಕು ಅಂತ ಬರೆದಿತ್ತು, ಎಷ್ಟು ಸಲ ಅಂತ ಬರೆದಿರಲಿಲ್ಲ. ಮೇಲಿನವರೂ ನಮ್ಮವರೇ ತಾನೆ, ಅದನ್ನು ಬರೆಯಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ.

ಮರಳುಗಾಡಿನಲ್ಲಿದ್ದು ಮರೆತುಹೋಗಿದ್ದರೆ ನೆನಪಿಸುತ್ತೇನೆ. ನಿನಗೆ ಆಗ ಆರೇಳು ವರ್ಷವಿರಬೇಕು. ಬೋರ್ಗಿಲ್ಡ್ ಚಿಕ್ಕಮ್ಮನ ಮನೆಯಲ್ಲಿ ತಟ್ಟೆ ಮುಂದಕ್ಕೆ ಚಾಚಿ “ಬಿಸ್ಕತ್ತು ತಗೋತೀಯಾ ಪುಟ್ಟ” ಅಂದರು. ನೀನು ಮೊದಲನೇ ಸಲಕ್ಕೇ ತೆಗೆದುಕೊಂಡುಬಿಟ್ಟೆ. ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾರಿನಲ್ಲಿ ಮನೆಗೆ ಬರುವ ತನಕ ನಿನ್ನ ಕಿವಿ ಹಿಡಿದು ಹೇಳಿಕೊಟ್ಟರು. ಮೊದಲನೇ ಸಲ ಕೇಳಿದರೆ ಬೇಡ ಅನ್ನಬೇಕು. ಎರಡನೇ ಸಲ ಕೇಳಿದರೆ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲವೂ ಕೇಳಿದರೆ, ಸರಿ, ಚಿಕ್ಕದು ಒಂದು ಅನ್ನಬೇಕು. ನಮ್ಮ ಜಿಲ್ಲೆಯಲ್ಲಿ ಬಿಸ್ಕತ್ತಿಗೂ ಅದೇ, ಕಾಫಿಗೂ ಅದೇ, ಹೊಲ ಉಳಲು ಪಕ್ಕದವನ ಟ್ರ್ಯಾಕ್ಟರಿಗೂ ಅದೇ. ಮದುವೆಗೆ ಹೆಣ್ಣು ಕೇಳಿದರೂ ಅದೇ ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ಒಂದೇ ಸಲ ಕೇಳಿ ಬಿಟ್ಟರೆ ಕೊಡಲು ಮನಸ್ಸಿಲ್ಲ ಅಂತ ಲೆಕ್ಕ. ಮೊದಲನೇ ಸಲಕ್ಕೇ ಒಪ್ಪಿದರೆ ಹಸಿದು ಬಿದ್ದವನು ಅಂತ ಲೆಕ್ಕ.

ಟಾಲಿವರ್ ಎದ್ದು ನಿಂತು ಅಪ್ಪನನ್ನು ಕೇಳಿದ: “ಪಾದ್ರಿಗಳೇ, ವಿಭಾಗಗಳನ್ನ ಮುಚ್ಚೋ ವಿಷಯದಲ್ಲಿ ಒಪ್ಪಿಗೆ ಕೊಡೋ ಹಕ್ಕು ನಿಮ್ಮ ಮಂಡಳಿಗೆ ಇಟ್ಕೋಬೇಕು ಅಂತ ಇದ್ಯಾ?” ಅಪ್ಪ ಎರಡೂ ಕೈ ಎತ್ತಿ, “ಅಯ್ಯೋ ಬೇಡಪ್ಪ, ನಮ್ಮಿಂದ ನಿಮಗ್ಯಾಕೆ ತೊಂದರೆ” ಅಂದರು. ಮೇಜಿನ ಸುತ್ತ ಕೂತಿದ್ದವರೆಲ್ಲ ಸರಿ ಸರಿ ಅಂತ ತಲೆಯಾಡಿಸಿ, ಎರಡನೇ ಸಲ ಕೇಳುವುದನ್ನು ಕಾಯುತ್ತಾ ಕೂತರು. ಟಾಲಿವರ್ “ಥ್ಯಾಂಕ್ಸ್” ಅಂದ. ಪಕ್ಕದಲ್ಲಿದ್ದವಳಿಗೆ ಬರೆದುಕೋ ಅಂತ ಸನ್ನೆ ಮಾಡಿದ. ಮುಂದಿನ ವಿಷಯ ಪಾರ್ಕಿಂಗ್.

ಯಾರೂ ಉಸಿರೆತ್ತಲಿಲ್ಲ. ಉಸಿರೆತ್ತಿದರೆ ಆಸೆಬುರುಕರು ಅನ್ನಿಸಿಕೊಳ್ಳಬೇಕಲ್ಲ. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ನಿಂತೆ. ಮಂಡಳಿಯ ಸದಸ್ಯಳಲ್ಲ, ಮಾತಾಡುವ ಅಧಿಕಾರ ಇಲ್ಲ, ಆದರೂ ನಿಂತೆ. ಸ್ವಾಮಿ, ಇನ್ನೊಂದು ಸಲ ಕೇಳಿ, ನಮ್ಮಲ್ಲಿ ಹಾಗೆಲ್ಲ ಒಂದೇ ಸಲಕ್ಕೆ ಮುಗಿಯೋದಿಲ್ಲ ಅಂದೆ. ಟಾಲಿವರ್ ನಿನ್ನ ಮುಖ ನೋಡಿದ. ಆ ಕೋಣೆಯಲ್ಲಿ ಎರಡೂ ಕಡೆಯ ಭಾಷೆ ಬಲ್ಲವನು ನೀನೊಬ್ಬನೇ. ಅಕ್ಕ ಹೇಳೋದು ನಿಜ, ಇನ್ನೊಮ್ಮೆ ಕೇಳಿ ಅನ್ನುವುದಕ್ಕೆ ನಿನಗೆ ಎಷ್ಟು ಹೊತ್ತು ಬೇಕಿತ್ತು? ನೀನು ಹಿಂದಕ್ಕೆ ತಿರುಗಿ, ನಗುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಮಾರ್ಗಿಟ್, ಕೂತ್ಕೊ. ಕಾಫಿ ಆರಿಹೋಗ್ತಿದೆ.”

ಎಲ್ಲರೂ ನಕ್ಕರು. ನಾನು ಕೂತೆ. ಆ ನಗುವನ್ನು ನಾನು ಸತ್ತರೂ ಮರೆಯುವುದಿಲ್ಲ.

ಆಮೇಲೆ ಏನೇನಾಯಿತು ನೋಡು. ಬೇಸಿಗೆ ಬರುವ ಹೊತ್ತಿಗೆ ನೀನು ಫೀನಿಕ್ಸ್‌ನಲ್ಲಿದ್ದೆ. ಹೊಸ ಆಡಳಿತ ಮಂಡಳಿ ಅಂದರೆ ಟಾಲಿವರ್, ಅವನ ಭಾವಮೈದ, ಬಂಡವಾಳ ಹಾಕಿದ ಇಬ್ಬರು. ಅವರು ಸಭೆ ಮಾಡುವುದು ಫೋನಿನಲ್ಲಿ. ಒಂದು ಪಾಠವನ್ನು ಬದಲಾಯಿಸಬೇಕಾದರೆ ಮೊದಲು ನಾವು ಅಧ್ಯಾಪಕರು ವಾರಗಟ್ಟಲೆ ಜಗಳವಾಡುತ್ತಿದ್ದೆವು. ಈಗ ಜಾಹೀರಾತು ವಿಭಾಗದವನೊಬ್ಬ ಬೆಳಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಕೋರ್ಸು ಹುಟ್ಟುತ್ತದೆ. ಗ್ರಂಥಾಲಯದ ಪುಸ್ತಕಗಳನ್ನು ತೂಕಕ್ಕೆ ಮಾರಿದರು. ಶವದ ಅಂಗಗಳನ್ನು ತೋರಿಸಿ ಪಾಠ ಮಾಡುವ ಕೋಣೆಯನ್ನು ಮುಚ್ಚಿ ವಿಡಿಯೋ ಹಾಕಿದರು. ವಿಡಿಯೋ ನೋಡಿ ರಕ್ತನಾಳ ಹುಡುಕಲು ಕಲಿತವಳ ಕೈಗೆ ನೀನು ನಿನ್ನ ತೋಳು ಕೊಡುತ್ತೀಯಾ?

ನರ್ಸ್‌ಗಳು ಪದವಿ ಪಡೆದ ದಿನ ಬಾರಿಸುತ್ತಿದ್ದ ನಮ್ಮ ಗಂಟೆಯನ್ನೂ ಬಿಚ್ಚಿಕೊಂಡು ಹೋದಿರಿ. ಅದು ಈಗ ಫೋನ್ ಹಾಲ್‌ನಲ್ಲಿ ನೇತಾಡುತ್ತಿದೆ, ಒಬ್ಬೊಬ್ಬ ಬಡಪಾಯಿ ಹೆಸರು ಬರೆಸಿದಾಗಲೂ ಬಾರಿಸುತ್ತಾರೆ ಅಂತ ಬ್ರೈಸ್‌ನೇ ಖುಷಿಯಿಂದ ಹೇಳಿದ. ಅವನ ಹಿಂದೆ ಅದು ಬಾರಿಸುವುದು ನನಗೂ ಕೇಳಿಸಿತು. ಯಾವ ಹುಡುಗಿಗೆ ಯಾರ ಹೆಸರು ಹೇಳಿ ಕಣ್ಣೀರು ಹಾಕಿಸಿ ಸೇರಿಸಿಕೊಂಡಿದ್ದರೋ.

ಇಷ್ಟು ವರ್ಷ ನಾನು ಹಲ್ಲು ಕಚ್ಚಿಕೊಂಡಿದ್ದೆ. ಮುಳುಗುವ ಹಡಗು, ಯಾರೋ ಕೊಂಡರು, ಹೇಗೋ ನಡೆಯುತ್ತಿದೆ, ನರ್ಸಿಂಗ್ ಒಂದಾದರೂ ಉಳಿದಿದೆ ಅಂದುಕೊಂಡಿದ್ದೆ. ಈಗ ಅದಕ್ಕೂ ಕೈ ಹಾಕಿದಿರಿ. ಕೈ ಹಾಕಿದ್ದಲ್ಲದೆ ಅದಕ್ಕೆ ಅಪ್ಪನ ಹೆಸರನ್ನು ಅಡ್ಡ ಹಿಡಿದಿದ್ದೀಯ. ಅಪ್ಪನ ಸೌಜನ್ಯವನ್ನು ಸಹಿ ಅಂತ ತೋರಿಸುತ್ತಿದ್ದೀಯ. ನಾಚಿಕೆಯಾಗಬೇಕು ನಿನಗೆ.

ಈಗ ಕೆಲಸದ ಮಾತು. ವಿಚಾರಣೆ ನಡೆಸುವ ಹೆಂಗಸು, ಮಿಸೆಸ್ ಓಕ್ಸ್ ಅಂತ, ನಮಗೆ ಸ್ಪಷ್ಟವಾಗಿ ಹೇಳಿದ್ದಾರೆ. ಊರಿನ ಪದ್ಧತಿ ಹೀಗೆ ಅಂತ ಊರಿನವರು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಕಂಪನಿಯವರಿಗೆ ಹೊಸತು, ಗೊತ್ತಿರಲಿಲ್ಲ ಅಂದುಬಿಟ್ಟರೆ ಮುಗಿಯಿತು. ಆದರೆ ಅದು ನಿಜವಾದ ನಿರಾಕರಣೆಯಲ್ಲ ಅನ್ನುವುದು ಕಂಪನಿಗೆ ಆಗಲೇ ಗೊತ್ತಿತ್ತು ಅಂತ ತೋರಿಸಿದರೆ ಆ ಹಕ್ಕು ಮಂಡಳಿಗೆ ವಾಪಸು ಬರುತ್ತದೆ. ಹಳೆಯ ಮಂಡಳಿಯವರು ಇನ್ನೂ ಬದುಕಿದ್ದಾರೆ, ಮುಚ್ಚುವುದಕ್ಕೆ ಅವರು ಒಪ್ಪುವುದಿಲ್ಲ, ಹುಡುಗಿಯರು ಓದು ಮುಗಿಸುತ್ತಾರೆ. ಅಷ್ಟೇ ದಾರಿ ಇರುವುದು.

ಹಾಗಾಗಿ ನೀನು ಬಂದು ಹೇಳಬೇಕು. ಆ ಬೇಡ ಅನ್ನುವುದರ ಅರ್ಥ ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ, ಟಾಲಿವರ್ ನನ್ನ ಮುಖ ನೋಡಿದಾಗ ನಕ್ಕು ಮಾತು ಮರೆಸಿದೆ. ಇಷ್ಟು ಸಾಕು. ಕುರ್ಚಿ ಹೋಗುತ್ತದೆ, ಗೊತ್ತು. ಹೋಗಲಿ ಬಿಡು. ಹೆದ್ದಾರಿಯ ಫಲಕದಿಂದ ನಿನ್ನನ್ನು ಹರಿದು ಹಾಕುತ್ತಾರೆ. ಹಾಕಲಿ. ನಿನಗೆ ಇಲ್ಲಿ ಮನೆಯಿದೆ, ಮೇಲಿನ ಕೋಣೆಯಲ್ಲಿ ನಿನ್ನ ಮಂಚವಿದೆ. ಹೋದನ್‌ಗೆ ಇದೊಂದು ಹೋದರೆ ಕೋಳಿ ಕಾರ್ಖಾನೆ ಬಿಟ್ಟು ಬೇರೇನೂ ಇಲ್ಲ. ನಿನ್ನೆ ಅವಳು ಫೋನ್ ಮಾಡಿ, “ಟೀಚರ್, ನಿಮ್ಮ ತಮ್ಮ ಬರ್ತಾರಾ?” ಅಂದಳು. ಏನು ಹೇಳಲಿ? ಹಿಂದೆ ಆಗಿದ್ದರೆ ಬಂದೇ ಬರುತ್ತಾನೆ ಅನ್ನುತ್ತಿದ್ದೆ. ನಿನ್ನೆ ಗೊತ್ತಿಲ್ಲಮ್ಮ ಅಂದೆ.

ಶುಕ್ರವಾರ ಬೆಳಗ್ಗೆ ಸೇಂಟ್ ಪಾಲ್. ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ. ಬರುವುದಿಲ್ಲ ಅಂತಾದರೆ ನೀನು ನನಗೆ ಫೋನ್ ಮಾಡಬೇಡ, ಕ್ರಿಸ್‌ಮಸ್‌ಗೆ ಹಣ್ಣಿನ ಬುಟ್ಟಿ ಕಳಿಸಬೇಡ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದರೆ ಅಷ್ಟು ಸಿಟ್ಟು ಬೇರೆ ಯಾರ ಮೇಲೂ ನನಗೆ ಬರಲಾರದು. ಬೇರೆ ಯಾರನ್ನೂ ನಾನು ಎತ್ತಿ ಆಡಿಸಿಲ್ಲವಲ್ಲ.

ಇಂತಿ,
ನಿನ್ನ ಅಕ್ಕ
ಮಾರ್ಗಿಟ್

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಅಪ್ಪನಿಗೆ ಓದಿ ಹೇಳಿದೆ. ಹೇಳಬಾರದಿತ್ತೋ ಏನೋ. ಪೂರ್ತಿ ಕೇಳಿಸಿಕೊಂಡು, “ಅವನು ಸುಮ್ನಿದ್ದ ಅಂತ ಬರ್ದಿದ್ದೀಯ. ಅದು ಅಷ್ಟೇ ಅಲ್ಲ ಮಗು” ಅಂದರು. ಅವತ್ತು ಸಭೆಗೆ ಮೊದಲು ಅವರು ಕೋಟು ನೇತುಹಾಕಲು ಹೋದಾಗ ಗೋಡೆಯ ಆಚೆ ನೀನು ಟಾಲಿವರ್‌ಗೆ ಹೇಳುತ್ತಿದ್ದೆಯಂತೆ: “ನಮ್ಮಪ್ಪ ಮೊದಲ್ನೇ ಸಲಕ್ಕೆ ಬೇಡ ಅಂತಾರೆ. ಒಂದೇ ಸಲ ಕೇಳಿ. ಮತ್ತೆ ಕೇಳೋಕೆ ಹೋಗ್ಬೇಡಿ.” ಅದರ ಹಿಂದಿನ ಕ್ರಿಸ್‌ಮಸ್‌ಗೆ ನೀನೇ ಕೊಡಿಸಿದ್ದ ಕಿವಿಯ ಮಿಷನ್ ಹಾಕಿಕೊಂಡಿದ್ದರಂತೆ, ಒಂದೊಂದು ಮಾತೂ ಕೇಳಿಸಿತಂತೆ. ಗೊತ್ತಿದ್ದೂ ಬೇಡ ಅಂದಿರಾ ಅಪ್ಪ, ಯಾಕೆ ಅಂದೆ. “ಎಲ್ಲರ ಮುಂದೆ ನನ್ನ ಮಗ ಸುಳ್ಳಾಡ್ತಿದ್ದಾನೆ ಅಂತ ಹೇಗೆ ತೋರಿಸ್ಲಿ. ಕೊನೇ ಗಳಿಗೇಲಿ ಅವನೇ ಬಾಯಿ ಬಿಡ್ತಾನೆ ಅಂದ್ಕೊಂಡೆ. ಅವನ ಮುಖಾನೇ ನೋಡ್ತಾ ಕೂತಿದ್ದೆ” ಅಂದರು. ಶುಕ್ರವಾರ ಅವರೂ ಬರುತ್ತಾರಂತೆ, ಮಿಸೆಸ್ ಓಕ್ಸ್ ಎದುರು ಪ್ರಮಾಣ ಮಾಡಿ ಹೇಳುತ್ತಾರಂತೆ. ಬೇಡ ಅಪ್ಪ ಅಂದರೆ ಕೇಳುತ್ತಿಲ್ಲ, ಕಪ್ಪು ಸೂಟಿಗೆ ಇಸ್ತ್ರಿ ಮಾಡಿಸು ಅನ್ನುತ್ತಿದ್ದಾರೆ. ನಿನಗೆ ತಿಳಿಸು ಅಂದದ್ದು ಇಷ್ಟೇ: ಸಾಕ್ಷಿಗಳನ್ನು ಕರೆದಾಗ ನೀನು ಮೊದಲು ಎದ್ದರೆ ಅವರು ಕೂತಲ್ಲಿಂದ ಏಳುವುದಿಲ್ಲವಂತೆ.